ಶಾಲೆಗೊಬ್ಬ ಆಪ್ತಸಮಾಲೋಚಕ: ನೇಮಕವಾದರೆ ಸಾಕೇ?

ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕ, ಮನಃಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನು ನೇಮಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ನಿರ್ದೇಶಿಸಿತು. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ಹದಿನೇಳರ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ ಹೊರಬಿದ್ದ ಈ ಮಾರ್ಗಸೂಚಿಗಳು, ಶಾಸನ ರೂಪುಗೊಳ್ಳುವವರೆಗೆ ದೇಶದಾದ್ಯಂತ ಕಾನೂನಿನಂತೆಯೇ ಅನ್ವಯವಾಗುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಪ್ರಕಾರ 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,044. ನ್ಯಾಯಾಲಯದ ಆತಂಕಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಆದರೆ ಆದೇಶದಲ್ಲಿರುವ ‘ಆಪ್ತಸಮಾಲೋಚಕ’ ಎಂಬ ಪದವನ್ನು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂಥ ಊರುಗಳಿಗೆ ತಂದು ನೋಡಿದಾಗ ಏಳುವ ಪ್ರಶ್ನೆಯೇ ಬೇರೆ. ಕೋಣೆಯೊಂದಕ್ಕೆ ಫಲಕ ತೂಗುಹಾಕಿ, ಒಳಗೆ ಮೇಜು ಕುರ್ಚಿ ಇಟ್ಟರೆ ನಿಯಮ ಪಾಲನೆಯಾಗಬಹುದು. ಆ ಬಾಗಿಲನ್ನು ತಾನಾಗಿ ತಟ್ಟುವ ಮಗು ಎಷ್ಟು? ಬುದ್ಧಿ ಹೇಳುವವರ ಕೊರತೆ ನಮ್ಮ ಮಕ್ಕಳಿಗೆ ಎಂದೂ ಇಲ್ಲ; ಅಪ್ಪ, ಅವ್ವ, ಕಾಕಾ, ಗುರುಗಳು, ಓಣಿಯ ಹಿರಿಯರು ಎಲ್ಲರೂ ಹೇಳುವವರೇ. ಕೊರತೆಯಿರುವುದು ಕೇಳಿಸಿಕೊಳ್ಳುವವರದು. ಕನ್ನಡದ ಪದದಲ್ಲಿ ‘ಸಮಾಲೋಚನೆ’ಗಿಂತ ಮೊದಲು ‘ಆಪ್ತ’ ಬರುತ್ತದೆ ಎಂಬುದನ್ನು ನೇಮಕಾತಿ ಮಾಡುವವರು ಮರೆಯುವುದೇ ಹೆಚ್ಚು.

ಆಪ್ತತೆ ಮೊದಲು ಬೇಡುವುದು ಭಾಷೆಯನ್ನು. ಈ ಭಾಗದಲ್ಲಿ ‘ನನಗೆ ಖಿನ್ನತೆಯಾಗಿದೆ’ ಎಂದು ಯಾರೂ ಹೇಳುವುದಿಲ್ಲ. ‘ಎದಿ ಭಾರ ಆಗೇತಿ’, ‘ನಿದ್ದಿ ಹತ್ತವಲ್ದು’, ‘ಯಾತರ ಮ್ಯಾಲೂ ಮನಸಿಲ್ಲ’ ಎನ್ನುತ್ತಾರೆ. ಮಗುವಾದರೆ ಹೊಟ್ಟೆನೋವೆಂದು ಹೇಳಿ ಶಾಲೆ ತಪ್ಪಿಸುತ್ತದೆ. ಪಠ್ಯಪುಸ್ತಕದ ಲಕ್ಷಣಪಟ್ಟಿ ಹಿಡಿದು ಕುಳಿತವರಿಗೆ ಈ ಮಾತುಗಳ ಒಳಗುಟ್ಟು ಸಿಗುವುದು ಕಷ್ಟ. ಹುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಪಂಪನ ಕಾಲದಲ್ಲಿ ತಿರುಳುಗನ್ನಡಕ್ಕೆ ಹೆಸರಾದ ನೆಲ. ಅಲ್ಲಿಯ ಮಗುವಿನ ದುಃಖವನ್ನು ಇಂಗ್ಲಿಷ್ ಪ್ರಶ್ನಾವಳಿಯಿಂದ ಅಳೆಯ ಹೊರಡುವುದು ವಿಪರ್ಯಾಸವಲ್ಲದೆ ಮತ್ತೇನು?

ಈ ದಾರಿಯನ್ನು ಕನ್ನಡದಲ್ಲಿ ಸವೆಸಿ ತೋರಿಸಿದವರು ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್. ತಿಳಿಗನ್ನಡದಲ್ಲಿ ಅವರು ಬರೆದ ಪುಸ್ತಕಗಳು ನೂರಾರು. ಬೆಂಗಳೂರಿನಲ್ಲಿ ಅವರು ಆರಂಭಿಸಿದ ‘ಸಮಾಧಾನ’ ಕೇಂದ್ರ ಶುಲ್ಕವಿಲ್ಲದೆ ಸಮಾಲೋಚನೆ ನೀಡಿತು; ಮನೋವೈದ್ಯರಲ್ಲದ ಸಾಮಾನ್ಯರಿಗೂ ಕೇಳಿಸಿಕೊಳ್ಳುವ ವಿದ್ಯೆಯನ್ನು ಕಲಿಸಿದರು. ಪರಿಣತರ ಸಂಖ್ಯೆ ಕಡಿಮೆಯಿರುವ ಜಿಲ್ಲೆಗಳಿಗೆ ಇದಕ್ಕಿಂತ ಹತ್ತಿರದ ಮಾದರಿ ಇಲ್ಲ.

ಎರಡನೆಯದು ಸೃಜನಶೀಲತೆ. ಎದುರುಬದುರು ಕುಳಿತು ‘ಹೇಳು, ಏನಾಗಿದೆ?’ ಎಂದರೆ ಹದಿಮೂರರ ಹುಡುಗ ನೆಲ ನೋಡುತ್ತಾನೆ. ಅವನ ಕೈಗೊಂದು ಮುದ್ದೆ ಜಿಗುಟು ಮಣ್ಣು ಕೊಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಪಳಗಿದ ಬೆರಳುಗಳವು; ಆಷಾಢದ ಗುಳ್ಳವ್ವನನ್ನು ತಿದ್ದಿದ ಹುಡುಗಿಯರಿಗೂ ಮಣ್ಣು ಹೊಸದಲ್ಲ. ಕೈ ಕೆಲಸದಲ್ಲಿದ್ದಾಗ, ಯಾರೂ ಕಣ್ಣಲ್ಲಿ ಕಣ್ಣಿಟ್ಟು ನೋಡದಿದ್ದಾಗ, ಮಾತು ಹಗುರವಾಗಿ ಹೊರಬರುತ್ತದೆ. ‘ಈ ಎತ್ತು ಯಾಕ ಕುಂಟತೈತಿ?’ ಎಂಬ ಪ್ರಶ್ನೆಗೆ ಬರುವ ಉತ್ತರ ಹಲವು ಸಲ ಎತ್ತಿನದಾಗಿರುವುದಿಲ್ಲ. ಚಿತ್ರ, ಕಥೆ, ಆಟ, ಅಭಿನಯಗಳ ಮೂಲಕ ಮಕ್ಕಳ ಮನಸ್ಸನ್ನು ತಲುಪುವ ಪದ್ಧತಿಗಳಿಗೆ ಜಗತ್ತಿನೆಲ್ಲೆಡೆ ಮನ್ನಣೆಯಿದೆ. ನಮ್ಮ ಕಡೆ ಅದಕ್ಕೆ ಬೇಕಾದ ಸಾಮಗ್ರಿ ಹಿತ್ತಲಲ್ಲೇ ಬಿದ್ದಿದೆ.

ದೊಡ್ಡವರಿಗೂ ಇಂಥ ದಾರಿಗಳಿದ್ದವು. ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳು ಅತ್ತೆಮನೆಯ ಸಂಕಟ, ತವರಿನ ಹಂಬಲಗಳನ್ನು ತ್ರಿಪದಿಯಾಗಿಸಿ ಹಾಡುತ್ತಿದ್ದಳು. ಜೊತೆಗೆ ಬೀಸುವವಳು ದನಿಗೂಡಿಸುತ್ತಿದ್ದಳು. ಹಿಟ್ಟಿನ ಗಿರಣಿ ಬಂದು ರಟ್ಟೆನೋವು ತಪ್ಪಿತು, ಅದು ಒಳ್ಳೆಯದೇ. ಹಾಡಿಕೊಳ್ಳುವ ಹೊತ್ತೂ ಹೋಯಿತು. ನಾಲ್ಕು ಜನ ಕುಳಿತು ಕೌದಿ ಹೊಲಿಯುವ ರೂಢಿಯಾದರೂ ಉಳಿದಿರುವಲ್ಲಿ, ತಾಯಂದಿರ ಸಭೆಯನ್ನು ಭಾಷಣದ ಬದಲು ಸೂಜಿದಾರದಿಂದ ಆರಂಭಿಸಬಹುದು.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಇಲ್ಲಿ ನೆನೆಯಬೇಕು. ಪಂಚಾಕ್ಷರಿ ಗವಾಯಿಗಳು ಮತ್ತು 2010ರಲ್ಲಿ ಅಗಲಿದ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿದ್ದನ್ನು ಯಾರೂ ಚಿಕಿತ್ಸೆಯೆಂದು ಕರೆಯಲಿಲ್ಲ. ಕರೆಯುವ ಅಗತ್ಯವೂ ಇಲ್ಲ. ಮನೆಗೆ ಭಾರವೆನಿಸಿದ್ದ ಮಗುವಿಗೆ ವಿದ್ಯೆ, ಅನ್ನ, ಒಡನಾಡಿಗಳು ಒಂದೇ ಸೂರಿನಡಿ ದೊರೆತಾಗ ಏನಾಗುತ್ತದೆ ಎಂಬುದನ್ನು ಈ ಊರು ದಶಕಗಳ ಕಾಲ ಕಂಡಿದೆ.

ಹಾಗೆಂದು ಹಾಡು, ಮಣ್ಣು, ಕೌದಿಗಳೇ ಎಲ್ಲದಕ್ಕೂ ಮದ್ದೆಂಬ ಭ್ರಮೆ ಬೇಡ. ತೀವ್ರ ಮನೋರೋಗಕ್ಕೆ ಔಷಧ ಬೇಕು, ಮನೋವೈದ್ಯರು ಬೇಕು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ಯಾವ ಮಗುವನ್ನು ಯಾವಾಗ ಗದಗಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೋ ಧಾರವಾಡದ ಡಿಮ್ಹಾನ್ಸ್‌ಗೋ ಕಳಿಸಬೇಕೆಂಬುದನ್ನು ತಿಳಿದವರೇ ಒಳ್ಳೆಯ ಸಮಾಲೋಚಕರು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416 ಕನ್ನಡದಲ್ಲೂ ಉತ್ತರಿಸುತ್ತದೆ. ಈ ಸಂಖ್ಯೆಯನ್ನು ಶಾಲೆ, ವಸತಿನಿಲಯಗಳಲ್ಲಿ ಎದ್ದುಕಾಣುವಂತೆ ಹಾಕಬೇಕೆಂದೂ ನ್ಯಾಯಾಲಯ ಹೇಳಿದೆ.

ಮಗುವಿನ ಸಂಕಟ ಮಗುವಿನದಷ್ಟೇ ಆಗಿರುವುದೂ ಅಪರೂಪ. ಉಳ್ಳಾಗಡ್ಡಿ, ಮೆಣಸಿನಕಾಯಿಯ ಬೆಲೆ ಕುಸಿದ ವರ್ಷ ಮನೆಯ ಬಾಗಿಲಿಗೆ ಸಾಲ ವಸೂಲಿಗಾರರು ಬಂದು ನಿಂತರೆ ಓದಿನಲ್ಲಿ ಮನಸ್ಸು ನಿಲ್ಲುವುದು ಹೇಗೆ? ಮೈಕ್ರೋಫೈನಾನ್ಸ್ ಕಿರುಕುಳ ತಡೆಗೆ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿ ಸಾಲದ ಉರುಳಿಗೆ ಉತ್ತರ ಹುಡುಕಿದ ಜಿಲ್ಲೆಯಿದು. ಸಮಾಲೋಚಕರಿಗೆ ಮನಸ್ಸಿನ ಶಾಸ್ತ್ರದಷ್ಟೇ ಈ ಊರಿನ ಲೆಕ್ಕವೂ ಗೊತ್ತಿರಬೇಕು. ಕೇಳಿದ್ದನ್ನು ಹೊರಗೆ ಆಡದಿರುವ ಶಿಸ್ತಂತೂ ಸಂತೆಯಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲ ಊರುಗಳಲ್ಲಿ ಇಮ್ಮಡಿ ಅಗತ್ಯ.

ಇನ್ನು ನೇಮಕದ ಮಾತು. ಹತ್ತು ತಿಂಗಳ ಗುತ್ತಿಗೆಯ ಮೇಲೆ ತೆಗೆದುಕೊಂಡರೆ, ಮಾರ್ಚ್ ಹೊತ್ತಿಗೆ ಬಾಯಿ ಬಿಡತೊಡಗಿದ ಮಗು ಜೂನ್‌ನಲ್ಲಿ ಹೊಸ ಮುಖವನ್ನು ಕಾಣುತ್ತದೆ. ಅದಕ್ಕಿಂತ ದೊಡ್ಡ ತೊಡಕು ಆ ‘ನೂರು’ ಎಂಬ ಸಂಖ್ಯೆಯಲ್ಲಿದೆ. ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಸಣ್ಣ ಹಳ್ಳಿಗಳಲ್ಲಿ ಅಷ್ಟು ಮಕ್ಕಳಿಲ್ಲದ ಶಾಲೆಗಳಿಗೆ ನ್ಯಾಯಾಲಯ ಹೇಳಿರುವುದು ಹೊರಗಿನ ಪರಿಣತರೊಡನೆ ಸಂಪರ್ಕ ಏರ್ಪಡಿಸಿಕೊಳ್ಳಿ ಎಂದು ಮಾತ್ರ. ಐದಾರು ಶಾಲೆಗಳ ಗುಚ್ಛಕ್ಕೊಬ್ಬರನ್ನು ಕಾಯಂ ಆಗಿ ನೇಮಿಸಿ, ವಾರಕ್ಕೊಂದು ದಿನ ಒಂದೊಂದು ಊರಿಗೆ ಹೋಗುವಂತೆ ಶಿಕ್ಷಣ ಮತ್ತು ಆರೋಗ್ಯ ಇಲಾಖೆಗಳು ಕೂಡಿ ವ್ಯವಸ್ಥೆ ಮಾಡದಿದ್ದರೆ, ಆ ಸಂಪರ್ಕ ಹಾಜರಿ ಪುಸ್ತಕದ ಪಕ್ಕದ ಕಡತದಲ್ಲೇ ಉಳಿಯುತ್ತದೆ.