ಕೆನಡಾಕ್ಕೆ ಹೊರಟವರ ಜಮಾಖರ್ಚು

ಕೆನಡಾದ ಪಿಆರ್‌ಗೆ (ಶಾಶ್ವತ ವಾಸದ ಪರವಾನಗಿಗೆ) ಅರ್ಜಿ ಹಾಕುವ ಬೆಂಗಳೂರಿನ ಗಂಡ ಹೆಂಡತಿಯ ಎಕ್ಸೆಲ್ ಹಾಳೆಯನ್ನು ಒಮ್ಮೆ ನೋಡಬೇಕು. ಐಇಎಲ್‌ಟಿಎಸ್ ಶುಲ್ಕ, ಪದವಿಯ ಮೌಲ್ಯಮಾಪನ, ವಿಶ್ವವಿದ್ಯಾಲಯದಿಂದ ಅಂಕಪಟ್ಟಿಯನ್ನು ಮೊಹರು ಹಾಕಿಸಿ ಕಳಿಸಿದ ಕೊರಿಯರ್, ಪೊಲೀಸ್ ಕ್ಲಿಯರೆನ್ಸ್‌ನ 500 ರೂಪಾಯಿ, ಮೆಡಿಕಲ್, ಬಯೋಮೆಟ್ರಿಕ್, 2024ರ ದರದಂತೆ ತಲಾ 1,525 ಡಾಲರ್ ಸರ್ಕಾರಿ ಶುಲ್ಕ, ಟಿಕೆಟ್, ಚಳಿಗೆ ಜಾಕೆಟ್. ಎಲ್ಲವೂ ರೂಪಾಯಿಗೆ ರೂಪಾಯಿ ತಾಳೆಯಾಗುತ್ತದೆ. ಆದರೆ ಆ ಹಾಳೆ ವಿಮಾನ ಇಳಿದ ದಿನಕ್ಕೇ ಮುಗಿದುಹೋಗುತ್ತದೆ. ಅದು ಹೋಗುವ ಖರ್ಚಿನ ಲೆಕ್ಕ. ಅಲ್ಲಿ ಇರುವುದಕ್ಕೆ, ಇಲ್ಲಿ ಇಲ್ಲದಿರುವುದಕ್ಕೆ ಎಷ್ಟಾಗುತ್ತದೆ ಎಂಬುದಕ್ಕೆ ಅದರಲ್ಲಿ ಕಾಲಂ ಇರುವುದಿಲ್ಲ. ಶಾಶ್ವತವಾಗಿ ಹೊರಡುವವರನ್ನು ಮುಳುಗಿಸುವುದು ಮಾತ್ರ ಈ ಎರಡನೆಯ ಲೆಕ್ಕವೇ.

ಇದರಲ್ಲಿ ಹೊರಡುವವರ ತಪ್ಪೊಂದೇ ಇಲ್ಲ. 2015ರ ಜನವರಿಯಲ್ಲಿ ಶುರುವಾದ, ಅಂಕ ಕೊಟ್ಟು ಅರ್ಜಿದಾರರನ್ನು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯೇ ಅವಸರ ಹುಟ್ಟಿಸುವಂಥದ್ದು. ವಯಸ್ಸಿಗೆ ಪೂರ್ತಿ ಅಂಕ ಸಿಗುವುದು 29ರ ತನಕ. ಆಮೇಲೆ ವರ್ಷಕ್ಕೆ ಐದಾರು, ನಲವತ್ತು ದಾಟಿದರೆ ಅದರ ಸುಮಾರು ಎರಡರಷ್ಟು ಅಂಕ ಕಳೆಯುತ್ತಾ ಹೋಗಿ 45ಕ್ಕೆ ಸೊನ್ನೆ. ಹುಟ್ಟುಹಬ್ಬ ಬಂತೆಂದರೆ ಎದೆ ಹೊಡೆದುಕೊಳ್ಳುವ ಈ ವ್ಯವಸ್ಥೆಯಲ್ಲಿ ಆರಾಮಾಗಿ ಕೂತು ಯೋಚಿಸುವ ವ್ಯವಧಾನ ಯಾರಿಗಿದೆ?

ಅದರ ಜೊತೆಗೆ ಒಂದು ಸುಳ್ಳು ಧೈರ್ಯವೂ ಸೇರಿಕೊಳ್ಳುತ್ತದೆ. ಕೈಯಲ್ಲಿ ಉದ್ಯೋಗವಿಲ್ಲದೆ ಹೋಗುವ ನಾಲ್ವರ ಕುಟುಂಬ 2024ರಲ್ಲಿ 27,297 ಕೆನಡಿಯನ್ ಡಾಲರ್ ತೋರಿಸಬೇಕಿತ್ತು. ನಮ್ಮ ಲೆಕ್ಕದಲ್ಲಿ 16 ಲಕ್ಷ ರೂಪಾಯಿಗೂ ಮೇಲೆ. ಸಾಲ ತಂದು ತೋರಿಸುವಂತಿಲ್ಲ. ‘ಸರ್ಕಾರವೇ ಇಷ್ಟು ಸಾಕು ಅಂದಿದೆಯಲ್ಲ’ ಎಂದು ಜನ ನೆಮ್ಮದಿಯಾಗುತ್ತಾರೆ. ಈ ಮೊತ್ತ ಎಲ್ಲಿಂದ ಬಂತು? ಕೆನಡಾದವರು ಕಡಿಮೆ ಆದಾಯದ ಗೆರೆ ಎಂದು ಒಂದನ್ನು ಎಳೆದಿದ್ದಾರೆ. ಆ ವಾರ್ಷಿಕ ಮೊತ್ತದ ಅರ್ಧ ಇದು. ಅಂದರೆ ಅಲ್ಲಿನ ಬಡ ಕುಟುಂಬವೊಂದು ಆರು ತಿಂಗಳು ಬದುಕುವಷ್ಟು ದುಡ್ಡು. ಟೊರೊಂಟೊದಲ್ಲಿ ಒಂದು ಬೆಡ್‌ರೂಮಿನ ಮನೆಯೂ ತಿಂಗಳಿಗೆ ಎರಡು ಸಾವಿರ ಡಾಲರ್‌ಗಿಂತ ಕಡಿಮೆಗೆ ಸಿಗುವುದು ಕಷ್ಟ. ಹೊಸಬರಿಗೆ ಕ್ರೆಡಿಟ್ ಸ್ಕೋರ್ ಇರುವುದಿಲ್ಲವಾದ್ದರಿಂದ ಮನೆ ಮಾಲೀಕರು ಹಿಂದೆಮುಂದೆ ನೋಡುತ್ತಾರೆ. ನರ್ಸ್, ಟೀಚರ್, ಸಿವಿಲ್ ಎಂಜಿನಿಯರ್ ಆಗಿದ್ದವರಿಗೆ ಆಯಾ ಪ್ರಾಂತ್ಯದ ಲೈಸೆನ್ಸ್ ಬೇಕು. ಅದು ಕೈಸೇರುವವರೆಗೆ ಗೋದಾಮಿನಲ್ಲೋ ಅಂಗಡಿಯಲ್ಲೋ ಶಿಫ್ಟ್ ಕೆಲಸ. ಹಾಗಾಗಿ ನನ್ನ ಮಟ್ಟಿಗೆ ಬಜೆಟ್ಟಿನ ಮೊದಲ ಸಾಲು ಟಿಕೆಟ್ ಅಲ್ಲ, ಸಂಬಳವಿಲ್ಲದ ತಿಂಗಳುಗಳು. ಸರ್ಕಾರ ಕೇಳಿದ್ದರ ಎರಡು ಪಟ್ಟು ಇಟ್ಟುಕೊಂಡು ಹೊರಡಿ ಎಂದರೆ ಅತಿಯಾಗಲಾರದು.

ದುಡ್ಡು ಸಾಗಿಸುವುದರಲ್ಲೂ ಒಂದು ತೊಡಕಿದೆ. ಇಲ್ಲಿಂದ ವರ್ಷಕ್ಕೆ ಎರಡೂವರೆ ಲಕ್ಷ ಅಮೆರಿಕನ್ ಡಾಲರ್‌ವರೆಗೆ ಕಳಿಸಬಹುದು, ಅದು ಸರಿ. ಆದರೆ 2025ರ ಏಪ್ರಿಲ್‌ನಿಂದ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕು ಶೇ 20ರಷ್ಟು ತೆರಿಗೆಯನ್ನು (ಟಿಸಿಎಸ್) ಮುಂಗಡವಾಗಿ ಹಿಡಿಯುತ್ತದೆ. 25 ಲಕ್ಷ ಕಳಿಸಬೇಕಾದರೆ 3 ಲಕ್ಷ ಪಕ್ಕಕ್ಕೆ ಹೋಯಿತು. ರಿಟರ್ನ್ಸ್ ಸಲ್ಲಿಸಿದ ಮೇಲೆ ವಾಪಸ್ ಬರುತ್ತದೆ ನಿಜ, ಆದರೆ ಬೇಕಾದ ತಿಂಗಳಲ್ಲಿ ಕೈಯಲ್ಲಿರುವುದಿಲ್ಲ.

ಇನ್ನು ಇಲ್ಲಿನ ಆಸ್ತಿ. ಹೊರಡುವವರ ಮನೆಯಲ್ಲಿ ಹೆಚ್ಚು ಜಗಳ ಆಗುವುದು ಇಲ್ಲೇ. ‘ಫ್ಲಾಟ್ ಇರಲಿ, ನಾಳೆ ಬೇಕಾಗುತ್ತೆ’ ಎನ್ನುವವರದು ಜಾಣತನದಂತೆ ಕಾಣುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಬೆಂಗಳೂರಿನ ಫ್ಲಾಟಿಗೆ ಬರುವ ಬಾಡಿಗೆ ಇಎಂಐನ ಅರ್ಧಕ್ಕೂ ಸಾಲದು. ನೀವು ಅನಿವಾಸಿಯಾದ ಮೇಲೆ ಬಾಡಿಗೆದಾರ ಅದರಲ್ಲೂ ಶೇ 30ಕ್ಕಿಂತ ಹೆಚ್ಚು ತೆರಿಗೆ ಹಿಡಿದೇ ಕೊಡಬೇಕು. ಮುಂದೆಂದೋ ಅಲ್ಲಿಂದಲೇ ಮಾರಲು ಹೊರಟರೆ ಕೊಳ್ಳುವವನು ಹಿಡಿಯುವ ತೆರಿಗೆಯೂ ಜಾಸ್ತಿ. ಇಲ್ಲೇ ಇದ್ದು ಮಾರಿದ್ದರೆ ಶೇ 1ರಲ್ಲಿ ಮುಗಿಯುತ್ತಿತ್ತು. ಸಂಬಳವೇ ಇಲ್ಲದ ತಿಂಗಳುಗಳಲ್ಲಿ ಅಲ್ಲಿ ಬಾಡಿಗೆ, ಇಲ್ಲಿ ಕಂತು. ಎರಡು ದೋಣಿಯಲ್ಲಿ ಕಾಲಿಡುವುದಕ್ಕೆ ನಾವು ಮುಂದಾಲೋಚನೆ ಎಂದು ಹೆಸರಿಟ್ಟುಕೊಂಡಿದ್ದೇವೆ.

ಹಾಗಂತ ಎಲ್ಲವನ್ನೂ ಮಾರಿ ಹೋಗಿ ಎಂದೂ ಹೇಳಲಾರೆ. ಮತ್ತೆ ಕೊಳ್ಳಬಹುದಾದದ್ದು ಯಾವುದು, ಕೊಳ್ಳಲಾಗದ್ದು ಯಾವುದು ಎಂದು ಮೊದಲು ಬೇರ್ಪಡಿಸಬೇಕು. ಫ್ಲಾಟು, ಸೈಟು, ಕಾರು ಮೊದಲನೆಯ ಸಾಲಿನವು. ತೀರ್ಥಹಳ್ಳಿ ಕಡೆಯ ಎರಡೆಕರೆ ಅಡಿಕೆ ತೋಟ ಎರಡನೆಯದು. ಅನಿವಾಸಿಯಾಗಲಿ, ಓಸಿಐ ಕಾರ್ಡಿನವರಾಗಲಿ ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ ಎನ್ನುತ್ತವೆ ವಿದೇಶಿ ವಿನಿಮಯದ ನಿಯಮಗಳು. ಮೊದಲೇ ಇದ್ದದ್ದನ್ನು ಉಳಿಸಿಕೊಳ್ಳಬಹುದು, ಪಿತ್ರಾರ್ಜಿತವಾಗಿ ಬಂದರೆ ಪಡೆಯಬಹುದು, ಅಷ್ಟೆ. (2020ರಲ್ಲಿ ಕರ್ನಾಟಕ ಭೂ ಸುಧಾರಣಾ ಕಾಯ್ದೆ ಸಡಿಲಿಸಿ ರೈತರಲ್ಲದವರೂ ಜಮೀನು ಕೊಳ್ಳಲು ಬಿಟ್ಟದ್ದರಿಂದ ಈ ನಿರ್ಬಂಧ ಹೋಯಿತೆಂದು ನಂಬಿದವರಿದ್ದಾರೆ. ಹೋಗಿಲ್ಲ.) ಜನ ಮಾಡುವುದು ತಿರುಗುಮುರುಗು: ಫ್ಲಾಟನ್ನು ಉಳಿಸಿಕೊಂಡು, ‘ಯಾರು ನೋಡ್ಕೋತಾರೆ’ ಎಂದು ತೋಟ ಮಾರುತ್ತಾರೆ.

ಕೊಳ್ಳಲಾಗದ್ದರ ಪಟ್ಟಿಯಲ್ಲಿ ಅಪ್ಪ ಅಮ್ಮನ ಮುಪ್ಪೂ ಇದೆ. ಇದನ್ನು ಭಾವನೆಯ ವಿಷಯ ಎಂದು ಬಜೆಟ್ಟಿನಿಂದ ಹೊರಗಿಡುವುದೇ ದೊಡ್ಡ ತಪ್ಪು. ಕರೆಸಿಕೊಳ್ಳಬಹುದಲ್ಲ ಎಂದರೆ, ಸೂಪರ್ ವೀಸಾದಲ್ಲಿ ಒಂದು ಸಲಕ್ಕೆ ಐದು ವರ್ಷದವರೆಗೆ ಇರಬಹುದು. ಅದಕ್ಕೆ ಕನಿಷ್ಠ ಒಂದು ಲಕ್ಷ ಡಾಲರ್ ರಕ್ಷಣೆಯ ಖಾಸಗಿ ಆರೋಗ್ಯ ವಿಮೆ ಬೇಕು, ಮಗನಿಗೋ ಮಗಳಿಗೋ ನಿಗದಿತ ಆದಾಯವೂ ಇರಬೇಕು. ಎಪ್ಪತ್ತು ದಾಟಿದ, ಶುಗರ್ ಇರುವ ಅಪ್ಪನಿಗೆ ಆ ವಿಮೆಯ ಪ್ರೀಮಿಯಂ ಎಷ್ಟೆಂದು ಹೊರಡುವ ಮೊದಲೇ ವಿಚಾರಿಸಿದವರು ಎಷ್ಟು ಮಂದಿ? ಅಪ್ಪ ಅಮ್ಮನಿಗೂ ಪಿಆರ್ ಕೊಡಿಸುವ ದಾರಿ ಲಾಟರಿಯಂಥದ್ದು, ನಂಬಿ ಕೂರುವಂಥದ್ದಲ್ಲ.

ಬಹುಪಾಲು ಮನೆಗಳಲ್ಲಿ ಕೊನೆಗೆ ಈ ಖರ್ಚು ಬೀಳುವುದು ಊರಲ್ಲೇ ಉಳಿದ ತಂಗಿಯ ಮೇಲೆ. ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರೆ ಅಡ್ಮಿಟ್ ಮಾಡಿಸುವವಳು ಅವಳು. ಕ್ಯಾಶ್‌ಲೆಸ್ ಅಪ್ರೂವಲ್ ಬರಲೆಂದು ಡಿಸ್ಚಾರ್ಜ್ ದಿನ ಸಂಜೆವರೆಗೆ ಬಿಲ್ಲಿಂಗ್ ಕೌಂಟರಿನ ಮುಂದೆ ಕಾಯುವವಳೂ ಅವಳೇ. ಹಾಸನದ ಅಂಥ ಒಬ್ಬಾಕೆ ನನಗೆ ಹೇಳಿದ್ದು: “ದುಡ್ಡು ಅಣ್ಣ ಕಳಿಸ್ತಾನೆ, ಇಲ್ಲ ಅನ್ನಲ್ಲ. ಆದ್ರೆ ರಜೆ ಹೋಗೋದು ನಂದೇ ಅಲ್ವಾ?” ಆ ರಜೆಗೂ ಬೆಲೆ ಕಟ್ಟಬೇಕು. ಹೊರಡುವ ಮುಂಚೆ ಅಣ್ಣ ತಂಗಿ ಅಪ್ಪನ ಎದುರಿಗೇ ಕೂತು ಬರೆದುಕೊಳ್ಳಲಿ: ಹೋಮ್ ನರ್ಸಿನ ಸಂಬಳ ಯಾರದು, ತಂಗಿಯ ಖಾತೆಗೆ ತಿಂಗಳಿಗೆ ಎಷ್ಟು ಹೋಗಬೇಕು, ಬ್ಯಾಂಕಿನ ಕೆಲಸಕ್ಕೆ ಪವರ್ ಆಫ್ ಅಟಾರ್ನಿ ಯಾರ ಹೆಸರಿಗೆ, ಆರೈಕೆ ಒಬ್ಬಳದೇ ಆದರೆ ಮನೆಯಲ್ಲಿ ಪಾಲು ಹೇಗೆ. ಒಡಹುಟ್ಟಿದವರ ನಡುವೆ ದುಡ್ಡಿನ ಮಾತು ಚೆನ್ನಾಗಿರಲ್ಲ ಎಂದು ಬಾಯಿ ಮುಚ್ಚಿಕೊಂಡವರು ಹತ್ತು ವರ್ಷ ಕಳೆದ ಮೇಲೆ ಮಾತೇ ಬಿಟ್ಟಿದ್ದನ್ನು ನೋಡಿದ್ದೇನೆ.

ಕೊನೆಯದಾಗಿ ವಾಪಸಾತಿಯ ಲೆಕ್ಕ. ಶಾಶ್ವತ ವಾಸ ಎಂದು ಹೆಸರಿದ್ದರೂ ಕಾರ್ಡಿನ ಅವಧಿ ಸಾಮಾನ್ಯವಾಗಿ ಐದು ವರ್ಷ. ಪಿಆರ್ ಉಳಿಯಬೇಕಾದರೆ ಐದು ವರ್ಷದಲ್ಲಿ 730 ದಿನ ಅಲ್ಲಿರಬೇಕು. ಕಾಯ್ದೆಯೇ ಇಷ್ಟು ಸಡಿಲವಾಗಿರುವಾಗ ನಾವೇಕೆ ಬಿಗಿಯಾಗಿ ಕೂರಬೇಕು? ಮೂರನೆಯ ವರ್ಷದ ಹೊತ್ತಿಗೆ ತನ್ನ ವೃತ್ತಿಯಲ್ಲೇ ಕೆಲಸ ಸಿಗದಿದ್ದರೆ ಮರಳುವುದು ಎಂದು ಬರೆದಿಟ್ಟು, ನಾಲ್ವರ ಟಿಕೆಟ್, ಬೆಂಗಳೂರಿನ ಮನೆಯ ಅಡ್ವಾನ್ಸ್, ಮಕ್ಕಳ ಶಾಲೆಯ ಅಡ್ಮಿಷನ್ ಇವಿಷ್ಟಕ್ಕೆ ಸಾಲುವ ದುಡ್ಡನ್ನು ಎಫ್‌ಡಿಯಲ್ಲಿ ಇಡಬಹುದು. ಹೀಗೆ ಬಾಗಿಲು ತೆರೆದಿಟ್ಟರೆ ಮನಸ್ಸು ಗಟ್ಟಿಯಾಗಿ ನಿಲ್ಲುವುದಿಲ್ಲ ಎನ್ನುವವರಿದ್ದಾರೆ. ಫ್ಲಾಟ್ ಇಟ್ಟುಕೊಳ್ಳುವುದನ್ನು ಬೇಡವೆಂದ ನಾನೇ ಇದನ್ನು ಬೇಕೆನ್ನುವುದು ಹೇಗೆ ಎಂದೂ ಕೇಳಬಹುದು. ಫ್ಲಾಟು ಪ್ರತಿ ತಿಂಗಳೂ ದುಡ್ಡು ತಿನ್ನುತ್ತದೆ, ಎಫ್‌ಡಿ ತಿನ್ನುವುದಿಲ್ಲ. ಇನ್ನು ಮನಸ್ಸಿನ ಮಾತು. ಬರೆದಿಟ್ಟ ಗಡುವು ಇಲ್ಲದವರು ಅಲ್ಲೇ ಉಳಿಯುವುದು ಗಟ್ಟಿ ಮನಸ್ಸಿನಿಂದಲ್ಲ. ಬೀಳ್ಕೊಡುಗೆಯ ಊಟಕ್ಕೆ ಬಂದಿದ್ದ ನೆಂಟರು ಏನಂದಾರು ಎಂಬ ಅಳುಕಿನಿಂದ, ಎಂಜಿನಿಯರಿಂಗ್ ಓದಿದವರು ರಾತ್ರಿ ಪಾಳಿಯಲ್ಲಿ ಪೆಟ್ಟಿಗೆ ಎತ್ತುತ್ತಾ ಇನ್ನೊಂದು ಚಳಿಗಾಲ ನೋಡೋಣ ಎನ್ನುತ್ತಿರುತ್ತಾರೆ.