ಜೂನಿ ಒಡವೆಯಲ್ಲಿ ಜೂನಿಯವರದೇನು?

ನಮ್ಮ ವಾಚನಾಲಯದಲ್ಲಿ ಅಮೆರಿಕದ ಮೂಲನಿವಾಸಿಗಳ ಒಡವೆಗಳನ್ನು ಕುರಿತ ಚಿತ್ರಪುಸ್ತಕವೊಂದಿದೆ. ಅದರಲ್ಲಿ ಜೂನಿ ಜನರು ಮಾಡಿದ ಹಳೆಯ ಬೆಳ್ಳಿಯ ಪದಕವೊಂದರ ಚಿತ್ರ. ಪದಕದ ಮೇಲೆ ರೆಕ್ಕೆ ಬಿಚ್ಚಿ ನಿಂತ, ಅರ್ಧ ಮನುಷ್ಯ ಅರ್ಧ ಪಕ್ಷಿಯಾದ ಒಂದು ಆಕೃತಿ. ಅದರ ಒಂದೊಂದು ಗರಿಯೂ ಒಂದೊಂದು ಚೂರು. ನೀಲಿಯದು ಫಿರೋಜಾ ಕಲ್ಲು, ಬಿಳಿಯದು ಮುತ್ತಿನ ಚಿಪ್ಪು, ಕೆಂಪಿನದು ಇನ್ನೊಂದು ಬಗೆಯ ಚಿಪ್ಪು, ಕರಿಯದು ಜೆಟ್ ಎಂಬ ಇದ್ದಲಿನ ಜಾತಿಯ ಕಲ್ಲು. ಚೂರು ಚೂರಿನ ನಡುವೆ ಕೂದಲು ತೂರುವಷ್ಟೂ ಸಂದಿಲ್ಲ.

ಚಿತ್ರವನ್ನು ಸಹಪಾಠಿ ಮಿತ್ರರೊಬ್ಬರಿಗೆ ತೋರಿಸಿದೆ. ಅವರು ಚರ್ಚಾಕೂಟದ ಹುಲಿ; ಮೆಚ್ಚಿಕೊಳ್ಳುವುದಕ್ಕಿಂತ ಮೊದಲು ವಾದಕ್ಕೆ ಇಳಿಯುವ ಸ್ವಭಾವ. "ಬೆಳ್ಳಿ ಕೆಲಸವನ್ನು ಇವರಿಗೆ ಕಲಿಸಿದವರು ನೆರೆಯ ನವಾಹೋ ಜನ. ಅವರಿಗೆ ಕಲಿಸಿದವರು ಮೆಕ್ಸಿಕೋದ ಅಕ್ಕಸಾಲಿಗರು. ಚಿಪ್ಪು ಸಮುದ್ರದ್ದು, ಇವರ ಊರು ಮರುಭೂಮಿಯಲ್ಲಿ. ಕೊಳ್ಳುವವರು ರೈಲಿನಲ್ಲಿ ಬಂದಿಳಿದ ಪ್ರವಾಸಿಗಳು. ಹಾಗಾದರೆ ಇದರಲ್ಲಿ ಜೂನಿಯವರದೇನು ಬಂತು, ಮಣ್ಣು! ಇದನ್ನೇ ಫಿಲಿಪೈನ್ಸಿನಲ್ಲಿ ಮಾಡಿ ಅಗ್ಗಕ್ಕೆ ಕೊಟ್ಟರೆ ತಪ್ಪೇನು?" ಎಂದರು.

ಅವರು ಹೇಳಿದ ಸಂಗತಿಗಳೆಲ್ಲ ನಿಜ. ತೀರ್ಮಾನ ಮಾತ್ರ ತಪ್ಪು ಎಂಬುದು ನನ್ನ ಅಭಿಪ್ರಾಯ.

ಜೂನಿ ಎಂಬುದು ನ್ಯೂ ಮೆಕ್ಸಿಕೋ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಗ್ಯಾಲಪ್ ಪಟ್ಟಣಕ್ಕೆ ದಕ್ಷಿಣದಲ್ಲಿರುವ ಊರು. ಅಲ್ಲಿಯ ಜನರ ಭಾಷೆಗೆ ಜಗತ್ತಿನ ಬೇರಾವ ಭಾಷೆಯೊಡನೆಯೂ ನಂಟು ಸಿದ್ಧವಾಗಿಲ್ಲ. ಲಾನ್ಯಾಡೆ ಎಂಬ ಜೂನಿಯವನು ಅಟ್ಸಿಡಿ ಚೋನ್ ಎಂಬ ನವಾಹೋ ಕುಶಲಿಯಿಂದ ಬೆಳ್ಳಿಯ ಕೆಲಸ ಕಲಿತದ್ದು 1872ರ ಸುಮಾರಿಗೆ. ಬೆಳ್ಳಿಯಲ್ಲಿ ಫಿರೋಜಾ ಕೂರಿಸಲಾರಂಭಿಸಿದ್ದು 1890ರ ಸುಮಾರಿಗೆ. ಆದರೆ ಕಲ್ಲು ಚಿಪ್ಪುಗಳನ್ನು ಜೋಡಿಸುವ ವಿದ್ಯೆ ಬೆಳ್ಳಿಯೊಡನೆ ಬಂದದ್ದಲ್ಲ. ಜೂನಿಯವರ ಪೂರ್ವಿಕರ ಊರಾದ ಹಾವಿಕುವಿನ ಮೇಲೆ 1540ರಲ್ಲಿ ಸ್ಪೇನಿನ ಕೊರೊನಾಡೋ ದಂಡೆತ್ತಿ ಬಂದನು. ಅದೇ ಹಾಳೂರನ್ನು 1917ರಿಂದ 1923ರವರೆಗೆ ಫ್ರೆಡರಿಕ್ ವೆಬ್ ಹಾಡ್ಜ್ ಎಂಬ ವಿದ್ವಾಂಸರು ಅಗೆಸಿದಾಗ, ಫಿರೋಜಾ ಚೂರುಗಳನ್ನು ಒತ್ತೊತ್ತಾಗಿ ಅಂಟಿಸಿದ ತಲೆಬಾಚಣಿಗೆಗಳು ಸಿಕ್ಕವು. ಆ ಸೀಮೆಯಲ್ಲಿ ಪೈನ್ ಮರದ ಅಂಟೇ ಹಿಂದೆ ಬೆಸುಗೆ. ಕ್ಯಾಲಿಫೋರ್ನಿಯ ಕೊಲ್ಲಿಯ ಚಿಪ್ಪು ನೂರಾರು ಮೈಲಿ ಕೈಯಿಂದ ಕೈಗೆ ಸಾಗಿ ಆ ಮರುಭೂಮಿಗೆ ಬರುತ್ತಿತ್ತು. ಬೆಳ್ಳಿ ಬಂದಾಗ ಹಳೆಯ ಕೈಗೆ ಹೊಸ ಹಲಗೆ ಸಿಕ್ಕಿತು, ಅಷ್ಟೆ.

ಆ ಕೈಯ ಕೆಲಸವನ್ನು ಸ್ವಲ್ಪ ನೋಡಬೇಕು. ನಮ್ಮ ಬೀದರಿನ ಕೆಲಸದಲ್ಲಿ ಕರಿಯ ಲೋಹದ ಮೈಯನ್ನು ಕೊರೆದು ಬೆಳ್ಳಿಯನ್ನು ಹುದುಗಿಸುತ್ತಾರೆ. ಲೋಹ ಬಡಿತಕ್ಕೆ ಬಗ್ಗುತ್ತದೆ. ಇಲ್ಲಿ ಬೆಳ್ಳಿಯೇ ಮನೆ, ಕಲ್ಲು ಒಕ್ಕಲು, ಕಲ್ಲು ಬಗ್ಗುವುದಿಲ್ಲ. ಒಂದೊಂದು ಚೂರನ್ನೂ ಸಾಣೆಗೆ ಹಿಡಿದು, ಪಕ್ಕದ ಚೂರಿಗೆ ತಾಳೆ ನೋಡಿ, ಮತ್ತೆ ಸಾಣೆಗೆ ಹಿಡಿಯಬೇಕು. ಎಳ್ಳಷ್ಟು ಹೆಚ್ಚು ಉಜ್ಜಿದರೆ ಆ ಚೂರು ಹೋಯಿತು. ಕೆಲವು ಒಡವೆಗಳಲ್ಲಿ ಚೂರುಗಳ ನಡುವೆ ಬೆಳ್ಳಿಯ ತೆಳುಗೋಡೆಗಳಿರುತ್ತವೆ. ಕೆಲವದರಲ್ಲಿ ಗೋಡೆಯೇ ಇಲ್ಲದೆ ಕಲ್ಲಿಗೆ ಕಲ್ಲೇ ನೆರೆ. ಎರಡನೆಯದೇ ಹಾವಿಕುವಿನ ಬಾಚಣಿಗೆಗೆ ಹತ್ತಿರದ್ದು. ನನ್ನ ಮೆಚ್ಚುಗೆಯೂ ಅದಕ್ಕೇ.

ಇನ್ನು ಅಗ್ಗದ ಮಾತು. ಫಿಲಿಪೈನ್ಸಿನ ಕೆಲಸಗಾರನೂ ಹೊಟ್ಟೆಪಾಡಿಗೆ ದುಡಿಯುವವನೇ; ಅವನನ್ನು ಕಳ್ಳನೆನ್ನಲು ನಾನು ಸಿದ್ಧನಿಲ್ಲ. ಆದರೆ ಆ ಮಾಲನ್ನು ತಂದು 'ಮೂಲನಿವಾಸಿಗಳ ಕೈಕೆಲಸ' ಎಂದು ಹೇಳಿ ಮಾರುವವನನ್ನು ಏನೆನ್ನೋಣ? 2018ರಲ್ಲಿ ನ್ಯೂ ಮೆಕ್ಸಿಕೋದ ನ್ಯಾಯಾಲಯವೊಂದು ಹೀಗೆ ಮಾರಿದ ಅಂಗಡಿಕಾರನೊಬ್ಬನಿಗೆ ಆರು ತಿಂಗಳ ಸೆರೆ ವಿಧಿಸಿತು. 1990ರ ಕಾನೂನಿನ ಪ್ರಕಾರ ಮೊದಲ ಅಪರಾಧಕ್ಕೇ 5 ವರ್ಷದವರೆಗೆ ಸೆರೆ, 2,50,000 ಡಾಲರುಗಳವರೆಗೆ ದಂಡ ಸಾಧ್ಯ. ಅದನ್ನು ನೋಡಿದರೆ ಈ ಶಿಕ್ಷೆ ಹಗುರವೆಂದೇ ತೋರುತ್ತದೆ. ತಿಂಗಳುಗಟ್ಟಲೆ ಸಾಣೆ ಹಿಡಿದವನ ಒಡವೆ ಈ ಮಾಲಿನ ಪಕ್ಕದಲ್ಲಿ ಕುಳಿತು 'ದುಬಾರಿ' ಎನಿಸಿಕೊಳ್ಳುತ್ತದೆ. ಹೀಗಾದರೆ ಅವನ ಮಗ ಸಾಣೆಯ ಮುಂದೆ ಏಕೆ ಕೂರಬೇಕು?

ಹಳೆಯದೆಂದರೆ ಪ್ರಾಣ ಬಿಡುವ ಸಂಗ್ರಾಹಕರ ಮೇಲೂ ನನಗೆ ಒಂದು ದೂರಿದೆ. ಸಿ. ಜಿ. ವ್ಯಾಲೆಸ್ ಎಂಬ ವ್ಯಾಪಾರಿ ಜೂನಿಯಲ್ಲಿ ಅಂಗಡಿ ನಡೆಸಿ ಇಂಥ ಒಡವೆಗಳನ್ನು ರಾಶಿಯಾಗಿ ಕೂಡಿಹಾಕಿದ್ದನು. 1975ರಲ್ಲಿ ಐನೂರಕ್ಕೂ ಹೆಚ್ಚನ್ನು ಫೀನಿಕ್ಸ್ ನಗರದ ಹರ್ಡ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟನು; ಉಳಿದವು ಅದೇ ವರ್ಷ ಹರಾಜಾದವು. ಅಂದಿನಿಂದ 'ವ್ಯಾಲೆಸ್ ಸಂಗ್ರಹದ್ದು' ಎಂಬ ಮಾತಿಗೇ ಬೆಲೆ. ಸಂಗ್ರಹಿಸಿದವನ ಹೆಸರು ಎಲ್ಲರಿಗೂ ಗೊತ್ತು. ಮಾಡಿದವನ ಹೆಸರನ್ನು ಎಷ್ಟೋ ಒಡವೆಗಳ ವಿಷಯದಲ್ಲಿ ಊಹಿಸಬೇಕಾಗಿದೆ. ಆ ಕಾಲದವರು ಒಡವೆಯ ಹಿಂಬದಿಗೆ ಮುದ್ರೆ ಒತ್ತುತ್ತಿದ್ದುದೇ ಅಪರೂಪ; ಅದು ಸಾಮಾನ್ಯವಾದದ್ದು 1970ರ ದಶಕದ ಈಚೆಗೆ.

ಇಷ್ಟೆಲ್ಲ ಹೇಳಿದ ಮೇಲೂ ಮಿತ್ರರು ಸೋಲೊಪ್ಪಲಿಲ್ಲ. "ಎಲ್ಲ ಸರಿ, ಬೆಳ್ಳಿಯ ಭಾಗವನ್ನು ನವಾಹೋ ಮಾಡಿ, ಕಲ್ಲನ್ನು ಜೂನಿ ಕೂರಿಸಿದ್ದರೆ ಯಾರ ಹೆಸರು ಹಾಕುತ್ತೀರಿ?" ಎಂದರು. ಅಂಥ ಜೋಡಿಗಳು ನಿಜವಾಗಿಯೂ ಇದ್ದವು: ರೋಜರ್ ಸ್ಕೀಟ್ ಎಂಬ ನವಾಹೋ ಬೆಳ್ಳಿಯನ್ನು ರೂಪಿಸುತ್ತಿದ್ದನು, ಲ್ಯಾಂಬರ್ಟ್ ಹೋಮರ್ ಎಂಬ ಜೂನಿ ಕಲ್ಲು ಕೂರಿಸುತ್ತಿದ್ದನು. ಇಬ್ಬರ ಹೆಸರನ್ನೂ ಹಾಕಬೇಕು ಎಂದೆ. ಹಿಂಬದಿಯಲ್ಲಿ ಜಾಗ ಬೇಕಾದಷ್ಟಿದೆ.