ಉಸಿರು ಗಮನಿಸು ಅನ್ನುವ ಮೊದಲು ಉಸಿರಾಡಲು ಬಿಡಿ

ನಮ್ಮೂರುಗಳಲ್ಲಿ ಮುಟ್ಟಿನ ಲೆಕ್ಕ ಶುರುವಾಗುವುದು ಮೊದಲನೇ ದಿನದಿಂದ. ಅವತ್ತು ದೇವರ ಮನೆಗೆ ಹೋಗುವಂತಿಲ್ಲ. ರೇಷ್ಮೆ ಮೇಯಿಸುವವರ ಮನೆಯಾದರೆ ಹುಳುಮನೆಗೂ ಕಾಲಿಡಬೇಡ ಅನ್ನುವವರಿದ್ದಾರೆ. ಮೂರು ದಿನ ದೂರ ಕೂರಿಸುವ ಮನೆಗಳು ಇನ್ನೂ ಇವೆ. ಆದರೆ ಅದಕ್ಕೂ ಹಿಂದಿನ ವಾರ ಆ ಹೆಣ್ಣುಮಗಳಿಗೆ ಏನಾಗಿತ್ತು ಅಂತ ಲೆಕ್ಕ ಇಟ್ಟವರು ಯಾರು?

ಆ ವಾರದಲ್ಲಿ ಎದೆ ಭಾರ, ಹೊಟ್ಟೆ ಉಬ್ಬರ, ತಲೆನೋವು, ನಿದ್ದೆಗೇಡು. ಸುಮ್ಮಸುಮ್ಮನೆ ಅಳು, ಸಣ್ಣ ಮಾತಿಗೂ ಸಿಟ್ಟು. ಡಾಕ್ಟರುಗಳು ಇದನ್ನು ಪಿಎಂಎಸ್ ಅನ್ನುತ್ತಾರೆ, ಅಂದರೆ ಮುಟ್ಟಿಗೆ ಮುಂಚಿನ ತೊಂದರೆ. ಮುಟ್ಟಾಗುವ ಒಂದೆರಡು ವಾರ ಮೊದಲು ಶುರುವಾಗಿ, ಮುಟ್ಟಾದ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಇದು ನಾಟಕವಲ್ಲ, ಗಾಳಿ ಸೋಕಿದ್ದೂ ಅಲ್ಲ. ಅಂಡಾಣು ಬಿಡುಗಡೆಯಾದ ಮೇಲೆ ಮೈಯಲ್ಲಿ ಹಾರ್ಮೋನುಗಳು ಏರಿ ಇಳಿಯುತ್ತವೆ. ಆ ಏರಿಳಿತಕ್ಕೆ ಕೆಲವರ ಮಿದುಳು ಹೆಚ್ಚು ಸ್ಪಂದಿಸುತ್ತದೆ, ಅಷ್ಟೆ.

ಈಗ ನಮ್ಮ ಪದ್ಧತಿಯ ವಿಚಿತ್ರ ನೋಡಿ. ಮೈಮನಸ್ಸು ಹಿಂಡುವ ವಾರದಲ್ಲಿ ಅವಳಿಂದ ಪೂರ್ತಿ ದುಡಿಸಿಕೊಳ್ಳುತ್ತೇವೆ. ಆ ಸಂಕಟ ಇಳಿಯುವ ಹೊತ್ತಿಗೆ ದೂರ ಕೂರಿಸುತ್ತೇವೆ. ಅದೂ ವಿಶ್ರಾಂತಿ ಅಂತಲ್ಲ, ಮೈಲಿಗೆ ಅಂತ. ಅವಳ ಸಿಟ್ಟಿಗೆ ನಾವಿಟ್ಟ ಹೆಸರು ಕೊಬ್ಬು, ಅಳುವಿಗೆ ಇಟ್ಟ ಹೆಸರು ಹಠ.

ಇಂಥ ಹೊತ್ತಿನಲ್ಲಿ ಮೊಬೈಲಿನೊಳಗಿಂದ ಹೊಸ ಉಪದೇಶ ಬಂದಿದೆ: ಮೈಂಡ್‌ಫುಲ್‌ನೆಸ್ ಮಾಡಿ, ಎಲ್ಲ ಸರಿಹೋಗುತ್ತದೆ. ಮೆತ್ತನೆ ಸಂಗೀತ, ಬಿಳಿ ಚಾಪೆ, ಕಣ್ಣು ಮುಚ್ಚಿ ಕೂತ ಹುಡುಗಿ.

ಮೈಂಡ್‌ಫುಲ್‌ನೆಸ್ ಮೇಲೆ ನಮ್ಮ ಜಗಳವಿಲ್ಲ. ಮೂಗಿನ ಹತ್ತಿರವೋ ಹೊಟ್ಟೆಯ ಹತ್ತಿರವೋ ಉಸಿರು ಬಂದು ಹೋಗುವುದನ್ನು ಗಮನಿಸುವುದು, ಮನಸ್ಸು ಓಡಿಹೋದರೆ ಬೈಯದೆ ವಾಪಸು ಕರೆತರುವುದು, ನೋವನ್ನೂ ಸಿಟ್ಟನ್ನೂ ಅದು ಬಂದ ಹಾಗೇ ನೋಡುವುದು. ಅದರ ಬೇರು ಬುದ್ಧನ ದಾರಿಯಲ್ಲಿದೆ. ಅಮೆರಿಕದ ಜಾನ್ ಕಬಟ್ ಝಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಅದನ್ನು ರೋಗಿಗಳಿಗೆ ಕಲಿಸಲು ಶುರುಮಾಡಿದರು. ಪಿಎಂಎಸ್ ಇರುವವರ ಮೇಲೆ ನಡೆದ ಸಣ್ಣ ಸಣ್ಣ ಅಧ್ಯಯನಗಳಲ್ಲಿ ಕಿರಿಕಿರಿ, ದುಗುಡ ಸ್ವಲ್ಪ ತಗ್ಗಿದ್ದು ಕಂಡಿದೆ. ಹಾರ್ಮೋನು ಅದರಿಂದ ಬದಲಾಗುವುದಿಲ್ಲ. ಸಿಟ್ಟು ಬರುತ್ತಿದೆ ಅಂತ ಒಂದು ಗಳಿಗೆ ಮೊದಲೇ ಗೊತ್ತಾಗುತ್ತದೆ. ಆ ಒಂದು ಗಳಿಗೆಯೂ ದೊಡ್ಡದೇ.

ನಮ್ಮ ಜಗಳ ಇರುವುದು ಅದರ ಬೆಲೆಯನ್ನು ಮುಚ್ಚಿಡುವವರ ಜೊತೆ. ಆ ಮೂಲ ತರಬೇತಿ ಎಂಟು ವಾರದ್ದು. ವಾರಕ್ಕೊಂದು ದಿನ ಎರಡೂವರೆ ಗಂಟೆ ತರಗತಿ, ಮನೆಯಲ್ಲಿ ದಿನಾ ಮುಕ್ಕಾಲು ಗಂಟೆ ಅಭ್ಯಾಸ. ವಕ್ಕಲೇರಿ ಸುತ್ತಿನ ಯಾವ ಮನೆಯಲ್ಲಿ ಹೆಂಗಸಿಗೆ ದಿನಾ ಮುಕ್ಕಾಲು ಗಂಟೆ ಸಿಗುತ್ತದೆ? ಬೆಳಕು ಹರಿಯುವ ಮುಂಚೆ ಸಗಣಿ ಬಾಚಬೇಕು, ಹಾಲು ಕರೆದು ಡೈರಿಗೆ ಹಾಕಬೇಕು, ನೀರು ಹಿಡಿಯಬೇಕು, ಮುದ್ದೆ ಸಾರು ಆಗಬೇಕು. ಆಮೇಲೆ ಟೊಮ್ಯಾಟೊ ಕೀಳುವ ಕೂಲಿ, ಇಲ್ಲವೇ ನರಸಾಪುರ, ವೇಮಗಲ್ ಕಡೆಯ ಫ್ಯಾಕ್ಟರಿ ಬಸ್ಸು. ಒಂಟಿಯಾಗಿ ಕೂರಲು ಅವಳಿಗೆ ಸಿಗುವ ಜಾಗ ಬಚ್ಚಲುಮನೆ ಒಂದೇ. ಅಲ್ಲೂ ಯಾರಾದರೂ ಬಾಗಿಲು ಬಡಿಯುತ್ತಾರೆ.

ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿತು. 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಮುಟ್ಟಿನ ರಜೆಗೆ ಒಪ್ಪಿತು. ತಿಂಗಳಿಗೆ ಒಂದು, ವರ್ಷಕ್ಕೆ 12 ದಿನ, ಸಂಬಳ ಸಹಿತ. ಫ್ಯಾಕ್ಟರಿ, ಅಂಗಡಿ, ಕಚೇರಿಯ ಹೆಣ್ಣುಮಕ್ಕಳಿಗೆ ಅದು ಹಕ್ಕು, ಕೇಳಿ ಪಡೆಯಿರಿ. ಆದರೆ ತೋಟದಲ್ಲಿ ದಿನಗೂಲಿಗೆ ಬಗ್ಗಿರುವವಳಿಗೆ ರಜೆ ಕೊಡುವವರು ಯಾರು? ಅವಳಿಗೆ ರಜೆ ಅಂದರೆ ಆ ದಿನದ ಕೂಲಿ ಖೋತಾ. ಸ್ವಂತ ಹೊಲ, ಸ್ವಂತ ಹಸು ಇರುವವಳಿಗಂತೂ ರಜೆ ಅನ್ನುವ ಮಾತೇ ಇಲ್ಲ.

ಇನ್ನೊಂದು ಮೋಸವಿದೆ. ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ರಕ್ತವೇ ಕಡಿಮೆಯಿದ್ದರೆ ಸುಸ್ತಾಗುತ್ತದೆ, ತಲೆ ಸುತ್ತುತ್ತದೆ. ಅದಕ್ಕೆ ಬೇಕಾದ್ದು ರಕ್ತ ಪರೀಕ್ಷೆ, ಕಬ್ಬಿಣದ ಮಾತ್ರೆ, ತಟ್ಟೆಯಲ್ಲಿ ಸೊಪ್ಪು, ಕಾಳು, ಮೊಟ್ಟೆ. ಗಂಡಸರೆಲ್ಲ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವವಳಿಗೆ ಉಸಿರು ಗಮನಿಸು ಅನ್ನುವುದು ಉಪಕಾರವಲ್ಲ, ಅಣಕ.

ಕೆಲವರಿಗೆ ಆ ವಾರ ಬದುಕೇ ಬೇಡ ಅನ್ನಿಸುತ್ತದೆ. ಅದು ಪಿಎಂಡಿಡಿ ಅನ್ನುವ ತೀವ್ರ ರೂಪ ಇರಬಹುದು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಅದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿದೆ. ಅದಕ್ಕೆ ಮಾತ್ರೆಗಳಿವೆ, ಆಪ್ತಸಮಾಲೋಚನೆ ಇದೆ. ಅಂಥವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ರಾತ್ರಿಯಾಗಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಹಗಲು ರಾತ್ರಿ ಇರುವ ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು.

ಹಾಗಾದರೆ ಏನು ಮಾಡೋಣ?

ಅಕ್ಕ ತಂಗಿಯರೇ, ಕ್ಯಾಲೆಂಡರಿನಲ್ಲಿ ಮುಟ್ಟಾದ ದಿನಕ್ಕೆ ಮಾತ್ರ ಗುರುತು ಹಾಕಬೇಡಿ. ಸಿಟ್ಟು, ಅಳು, ನೋವು ಬಂದ ದಿನಗಳಿಗೂ ಹಾಕಿ. ಎರಡು ತಿಂಗಳು ಹಾಕಿದರೆ ಸಾಕು, ಲೆಕ್ಕ ಕಣ್ಣಿಗೆ ಕಾಣುತ್ತದೆ. ಡಾಕ್ಟರೂ ಮೊದಲು ಕೇಳುವುದು ಅದನ್ನೇ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಸಾಲದ ಕಂತಿನ ಮಾತು ಮುಗಿದ ಮೇಲೆ ಹತ್ತು ನಿಮಿಷ ಎಲ್ಲರೂ ಒಟ್ಟಿಗೆ ಸುಮ್ಮನೆ ಕೂತು ಉಸಿರು ನೋಡಿ. ಅದಕ್ಕೆ ಆ್ಯಪ್ ಬೇಡ, ಗುರು ಬೇಡ, ದುಡ್ಡು ಬೇಡ. ಹಿಡಿಸದಿದ್ದರೆ ಬಿಟ್ಟುಬಿಡಿ, ತಪ್ಪು ನಿಮ್ಮದಲ್ಲ.

ಇನ್ನು ಗಂಡಸರಿಗೆ. ಆ ವಾರ ಡೈರಿಗೆ ಹಾಲು ನೀವು ಹಾಕಿ. ಬಿಂದಿಗೆ ನೀವು ಎತ್ತಿ. ಒಂದು ಹೊತ್ತು ಮುದ್ದೆ ನೀವು ತಿರುವಿ, ಕೈ ಸವೆಯುವುದಿಲ್ಲ. ಅವಳು ಕಣ್ಣು ಮುಚ್ಚಿ ಕೂತರೆ ನಗಬೇಡಿ, ಕೂಗಬೇಡಿ, ಮಕ್ಕಳನ್ನು ಆಚೆ ಕರೆದುಕೊಂಡು ಹೋಗಿ.

ತಿಂಗಳಲ್ಲಿ ಮೂರು ದಿನ ಹೆಂಗಸನ್ನು ದೂರ ಕೂರಿಸಲು ನಮಗೆ ಯಾವತ್ತೂ ಪುರುಸೊತ್ತಿತ್ತು. ಅಷ್ಟು ದಿನ ಅವಳ ಕೆಲಸ ಇನ್ಯಾರೋ ಮಾಡುತ್ತಿದ್ದರು, ಮನೆಯೇನೂ ಮುಳುಗಲಿಲ್ಲ. ಮೈಲಿಗೆಗೆ ಕೊಟ್ಟ ಆ ಬಿಡುವನ್ನು ಈಗ ಆರೋಗ್ಯಕ್ಕೆ ಕೊಡಿ. ಕೊಡಲಾಗದಿದ್ದರೆ, ಉಸಿರು ಗಮನಿಸು ಅನ್ನುವ ವಿಡಿಯೋವನ್ನು ಅವಳಿಗೆ ಫಾರ್ವರ್ಡ್ ಮಾಡಬೇಡಿ.